ಎಳ್ಳಿನ ಬೀಜ ಮಾರ್ಚ್‌ನಲ್ಲೇ ಬರಲಿ: ಕೃಷಿ ಸಚಿವರಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಮಾನ್ಯ ಕೃಷಿ ಸಚಿವರಿಗೆ,

ನಮಸ್ಕಾರಗಳು.

ನಂಜನಗೂಡು ತಾಲ್ಲೂಕಿನ ಕವಲಂದೆ ಕಡೆ ನನಗೆ ಸ್ವಲ್ಪ ಖುಷ್ಕಿ ಹೊಲವಿದೆ, ಜೊತೆಗೆ ಒಂದು ಮರದ ಗಾಣವಿದೆ. ನನ್ನ ಹೊಲದ ಎಳ್ಳಲ್ಲದೆ ಸುತ್ತಲಿನ ಊರುಗಳ ರೈತರಿಂದ ಎಳ್ಳು, ಕಡಲೆಕಾಯಿ, ಹುಚ್ಚೆಳ್ಳು ಕೊಂಡು ಎಣ್ಣೆ ತೆಗೆದು ಮೈಸೂರಿನ ಮನೆಗಳಿಗೆ ಮಾರುತ್ತೇನೆ. ಹೊಲದಲ್ಲಿ ಆದ ಏರುಪೇರು ತೂಕದಲ್ಲಿ ಅರ್ಧ ಮಾತ್ರ ಗೊತ್ತಾಗುತ್ತದೆ, ಉಳಿದರ್ಧ ಗಾಣಕ್ಕೆ ಹಾಕಿದಾಗಲೇ ತಿಳಿಯುವುದು. ಆ ಎರಡನೆಯ ಅರ್ಧವನ್ನು ಕೃಷಿ ಇಲಾಖೆಯ ಯಾವ ಲೆಕ್ಕದ ಪುಸ್ತಕವೂ ಬರೆದಿಡುವುದಿಲ್ಲ ಎಂಬುದು ಈ ಪತ್ರಕ್ಕೆ ಒಂದು ಕಾರಣ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಮಳೆಯಾಶ್ರಿತ ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳಿಗೆ ಎಳ್ಳು ಮತ್ತು ಸೂರ್ಯಕಾಂತಿಯ ಬಿತ್ತನೆ ಬೀಜ ಮಾರ್ಚ್ ಮುಗಿಯುವುದರೊಳಗೆ ಬರಬೇಕು. ಜೂನ್‌ನಲ್ಲಿ ಬಂದ ಬೀಜ ನಮಗೆ ಹೆಚ್ಚೂಕಡಿಮೆ ಬಾರದ ಬೀಜಕ್ಕೆ ಸಮ.

ಏಕೆಂದು ವಿವರಿಸಬೇಕಾದರೆ ನಮ್ಮ ಸೀಮೆಯ ಮಳೆಯ ರೀತಿಯಿಂದ ಶುರುಮಾಡಬೇಕು. ಬೆಂಗಳೂರಿನಲ್ಲಿ ಕುಳಿತು ನೋಡಿದರೆ ಮುಂಗಾರು ಎಂದರೆ ಜೂನ್‌ನಿಂದ ಸೆಪ್ಟೆಂಬರ್. ಬೀಜದ ದಾಸ್ತಾನು, ಸಹಾಯಧನ, ಪೂರ್ವಸಿದ್ಧತಾ ಸಭೆಗಳು ಎಲ್ಲವೂ ಆ ಪಂಚಾಂಗದಂತೆಯೇ ನಡೆಯುತ್ತವೆ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ನಮಗೆ ವರ್ಷದ ಮಳೆ ಸುಮಾರು ಏಳೆಂಟು ನೂರು ಮಿಲಿಮೀಟರ್. ಅದು ಬರುವುದು ಎರಡು ಕಂತುಗಳಲ್ಲಿ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಗುಡುಗು ಸಿಡಿಲಿನ ಮಳೆ ಒಂದು ಕಂತು, ಸೆಪ್ಟೆಂಬರ್ ಮತ್ತು ಅಕ್ಟೋಬರ್ ಇನ್ನೊಂದು. ಮೈಸೂರು ನಗರದ ಸರಾಸರಿ ಮಳೆಯನ್ನೇ ತೆಗೆದು ನೋಡಿ, ಜುಲೈಗಿಂತ ಮೇ ತಿಂಗಳಲ್ಲಿ ಹೆಚ್ಚು ಮಳೆಯಾಗುತ್ತದೆ. ಕೊಡಗಿನ ಅಂಚಿನ ಪಿರಿಯಾಪಟ್ಟಣ, ಕೇರಳದ ಅಂಚಿನ ಎಚ್.ಡಿ. ಕೋಟೆಯ ಕೆಲವು ಭಾಗಗಳಿಗೆ ಜುಲೈನ ಜಡಿಮಳೆ ಸಿಗುತ್ತದೆ, ಆ ಮಾತು ಬೇರೆ. ಕವಲಂದೆಗೆ, ಬಿಳಿಗೆರೆಗೆ, ಆಚೆ ನಾಗಮಂಗಲಕ್ಕೆ, ಮಳವಳ್ಳಿಯ ಒಣ ಹೊಲಗಳಿಗೆ ಜುಲೈ ಎಂದರೆ ಗಾಳಿ, ಮೋಡ, ಆಗೊಮ್ಮೆ ಈಗೊಮ್ಮೆ ನಾಲ್ಕು ಹನಿ.

ಹಿಂದಿನವರು ಕಾರು (ಮೊದಲ ಕಂತಿನ ಮಳೆಯ ಬೆಳೆ), ಹೈನು (ಎರಡನೆಯ ಕಂತಿನ ಬೆಳೆ) ಎಂದು ವರ್ಷವನ್ನು ಎರಡಾಗಿ ಕತ್ತರಿಸಿಕೊಂಡದ್ದು ಇದಕ್ಕಾಗಿಯೇ. ಏಪ್ರಿಲ್ ಕೊನೆಯ ಭರಣಿ ಮಳೆಗೆ ಎಳ್ಳು, ಅದನ್ನು ಕಿತ್ತ ಮೇಲೆ ರಾಗಿ ಅಥವಾ ಹುರುಳಿ. ಇದರಲ್ಲಿ ಹಳ್ಳಿಯ ನೆನಪಿನ ಹಂಬಲವೇನೂ ಇಲ್ಲ, ತಿಂಗಳುಗಳನ್ನು ಎಣಿಸಿದರೆ ಲೆಕ್ಕ ತಾನಾಗಿ ಕಾಣುತ್ತದೆ.

ಏಪ್ರಿಲ್ ಕೊನೆಯಲ್ಲಿ ಹದ ನೋಡಿ ಬಿತ್ತಿದ ಎಳ್ಳು ಮೇ ತಿಂಗಳ ಮಳೆಯಲ್ಲಿ ಬೆಳೆಯುತ್ತದೆ. ಐದಾರು ವಾರಕ್ಕೆ, ಅಂದರೆ ಜೂನ್ ಹೊತ್ತಿಗೆ ಹೂವು. ಮಣ್ಣಿನಲ್ಲಿ ಇನ್ನೂ ಮೇ ಮಳೆಯ ತೇವ ಇರುವಾಗಲೇ ಬುಡದ ಕಾಯಿಗಳು ತುಂಬಿಕೊಳ್ಳುತ್ತವೆ. ಜುಲೈ ನಡುವಿನಿಂದ ಕೊಯ್ಲು. ಆಗಿನ ಒಣಗಾಳಿಯಲ್ಲಿ ಕಟ್ಟುಗಳನ್ನು ನಿಲ್ಲಿಸಿ ಒಣಗಿಸಿ ಕೊಡವಿದರೆ ಕಾಳು ಬೆಳ್ಳಗೆ, ಗಟ್ಟಿಯಾಗಿ ಉದುರುತ್ತದೆ. ನಮಗೆ ಬೇಡವಾದ ಜುಲೈನ ಒಣಹವೆಯೇ ಎಳ್ಳಿನ ಕೊಯ್ಲಿಗೆ ಬೇಕಾದ ಹವೆ.

ಅದೇ ಎಳ್ಳನ್ನು ಜೂನ್ ಎರಡನೆಯ ವಾರದಲ್ಲಿ ಬಿತ್ತಿ ನೋಡಿ. ಹೂವು ಬಿಡುವುದು ಜುಲೈ ಕೊನೆಯಲ್ಲಿ, ವರ್ಷದ ಬೆಳೆಗಾಲದ ಅತಿ ಒಣ ಹೊತ್ತಿನಲ್ಲಿ. ಹೂವು ಉದುರುತ್ತದೆ, ನಿಂತ ಹೂವಿನ ಕಾಯಿ ಗಿಡ್ಡವಾಗುತ್ತದೆ, ಕಾಳು ಸಣಕಲಾಗುತ್ತದೆ. ಆಗಸ್ಟ್‌ನಲ್ಲಿ ಒಂದು ಮಳೆ ಬಿದ್ದರೆ ಗಿಡ ಮತ್ತೆ ಚಿಗುರಿ ತುದಿಯಲ್ಲಿ ಹೊಸ ಹೂವು ಬಿಡುತ್ತದೆ. ಬುಡದಲ್ಲಿ ಬಿರಿಯುವ ಕಾಯಿ, ತುದಿಯಲ್ಲಿ ಹಸಿ ಕಾಯಿ. ಯಾವಾಗ ಕೊಯ್ಯಬೇಕೆಂದು ಯಾವ ವಿಜ್ಞಾನಿಯೂ ಹೇಳಲಾರ. ಕೊನೆಗೆ ಕೊಯ್ಲು ಸೆಪ್ಟೆಂಬರ್‌ನ ಉತ್ತರೆ ಮಳೆಗೆ ಸಿಕ್ಕಿ, ನಿಲ್ಲಿಸಿದ ಕಟ್ಟಿನಲ್ಲೇ ಕಾಳು ಕಪ್ಪಾಗುತ್ತದೆ. ಇಳುವರಿ ಹೋಯಿತು, ಬಣ್ಣ ಹೋಯಿತು, ಎಣ್ಣೆಯೂ ಹೋಯಿತು.

ಇಷ್ಟೇ ಆಗಿದ್ದರೆ ರೈತ ತಡವಾದರೂ ಎಳ್ಳು ಬಿತ್ತುತ್ತಿದ್ದನೇನೋ. ಆದರೆ ಸೆಪ್ಟೆಂಬರ್‌ವರೆಗೆ ಎಳ್ಳು ನಿಂತ ಹೊಲದಲ್ಲಿ ರಾಗಿಗೆ ಜಾಗವಿಲ್ಲ. ಮನೆಯ ರಾಗಿ ಬಿಟ್ಟು ಎಳ್ಳು ಬೆಳೆಯುವ ಒಕ್ಕಲು ನಮ್ಮಲ್ಲಿ ಇಲ್ಲ. ಹಾಗಾಗಿ ಏಪ್ರಿಲ್‌ನಲ್ಲಿ ಬೀಜ ಸಿಗದಿದ್ದರೆ ಅವನು ಎಳ್ಳನ್ನೇ ಕೈಬಿಡುತ್ತಾನೆ. ಹುಣಸೂರಿನ ಕಡೆ ತಂಬಾಕು, ಕೋಟೆಯ ಕಡೆ ಹತ್ತಿ, ನೀರಿದ್ದಲ್ಲಿ ಶುಂಠಿ, ಎಲ್ಲ ಕಡೆ ಮುಸುಕಿನ ಜೋಳ. ಎಣ್ಣೆಕಾಳಿನ ವಿಸ್ತೀರ್ಣ ಏಕೆ ಕುಗ್ಗುತ್ತಿದೆ ಎಂಬ ಬಗ್ಗೆ ವಿಚಾರಗೋಷ್ಠಿಗಳು ನಡೆಯುತ್ತವೆ. ಬೀಜ ಬಂದ ಲಾರಿಯ ರಸೀದಿಯ ಮೇಲಿನ ತಾರೀಕು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನಮ್ಮ ಕಡೆಯ ಒಂದು ಕೇಂದ್ರದಲ್ಲಿ ಮೇ ತಿಂಗಳಲ್ಲಿ ಎಳ್ಳಿನ ಬೀಜ ಕೇಳಿದರೆ ‘ಮುಂಗಾರು ದಾಸ್ತಾನು ಇನ್ನೂ ಬಂದಿಲ್ಲ’ ಎಂಬ ಉತ್ತರ ಬರುತ್ತದೆ. ಹೇಳುವ ಹುಡುಗನ ತಪ್ಪೇನೂ ಇಲ್ಲ. ಅವನ ಪಟ್ಟಿಯಲ್ಲಿ ಮುಂಗಾರು ಜೂನ್‌ಗೇ ಹುಟ್ಟುತ್ತದೆ.

ಈಗ ಗಾಣದ ಕಡೆಯ ಮಾತು. ಒಳ್ಳೆಯ ಎಳ್ಳಿನಲ್ಲಿ ಎಣ್ಣೆಯ ಅಂಶ ಶೇಕಡ 45ರಿಂದ 50ರಷ್ಟು ಇರುತ್ತದೆ. ಬರದಲ್ಲಿ ಕಾಯಿ ಕಟ್ಟಿದ ಎಳ್ಳನ್ನು ಗಾಣಕ್ಕೆ ಹಾಕಿದರೆ ಅದೇ ಕ್ವಿಂಟಾಲಿಗೆ ಕೆಲವು ಲೀಟರ್ ಕಡಿಮೆ ಇಳಿಯುತ್ತದೆ, ಹಿಂಡಿ ಜಾಸ್ತಿ ಉಳಿಯುತ್ತದೆ. ಇದಕ್ಕೆ ಸಸ್ಯಶಾಸ್ತ್ರ ಕೊಡುವ ಕಾರಣ ನನಗೆ ಬಹಳ ಹಿಡಿಸಿದೆ. ಒಂದು ಗ್ರಾಂ ಪಿಷ್ಟ ಕಟ್ಟಲು ಗಿಡಕ್ಕೆ ಸುಮಾರು 1.2 ಗ್ರಾಂ ಸಕ್ಕರೆ ಸಾಕು. ಒಂದು ಗ್ರಾಂ ಎಣ್ಣೆ ಕಟ್ಟಲು ಸುಮಾರು 3 ಗ್ರಾಂ ಬೇಕು. ಆ ಸಕ್ಕರೆ ಬರಬೇಕಾದದ್ದು ಕಾಳು ತುಂಬುವ ದಿನಗಳಲ್ಲಿ ಹಸಿರೆಲೆಯಿಂದ. ತೇವ ಇಲ್ಲದೆ ಎಲೆಯ ರಂಧ್ರಗಳು ಮುಚ್ಚಿಕೊಂಡರೆ ಸಕ್ಕರೆ ತಯಾರಾಗುವುದೇ ಇಲ್ಲ. ಪ್ರೋಟೀನಿಗೆ ಬೇಕಾದ ಸಾರಜನಕವನ್ನು ಮಾತ್ರ ಗಿಡ ಮೊದಲೇ ಎಲೆಯಲ್ಲಿ ಕೂಡಿಟ್ಟಿರುತ್ತದೆ, ಅದನ್ನು ಬರದಲ್ಲೂ ಕಾಳಿಗೆ ಸಾಗಿಸಬಲ್ಲದು. ಹೀಗಾಗಿ ಬರಗಾಲದ ಕಾಳಿನಲ್ಲಿ ಪ್ರೋಟೀನಿನ ಪಾಲು ಏರುತ್ತದೆ, ಎಣ್ಣೆಯ ಪಾಲು ಇಳಿಯುತ್ತದೆ. ಬರ ಮೊದಲು ಕದಿಯುವುದು ಗಿಡದ ಅತಿ ದುಬಾರಿ ಸರಕನ್ನು. ಹಾಗೆಂದೇ ಬಿತ್ತನೆಯ ತಾರೀಕು ಇಷ್ಟು ಮುಖ್ಯ: ಹೊಲಕ್ಕೆ ಒಟ್ಟು ಎಷ್ಟು ಮಳೆ ಬಿತ್ತು ಎಂಬುದಕ್ಕಿಂತ ಕಾಳು ತುಂಬುವ ಆ ಮೂರು ನಾಲ್ಕು ವಾರಗಳಲ್ಲಿ ಬೇರಿನ ಬಳಿ ತೇವ ಇತ್ತೇ ಎಂಬುದರ ಮೇಲೆ ಎಣ್ಣೆ ನಿಂತಿದೆ.

ಪೂರ್ತಿ ಬಲಿಯದ ಕಾಳಿನ ಎಣ್ಣೆಗೆ ಇನ್ನೊಂದು ರೋಗವಿದೆ. ಅದರಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚು, ಬೇಗ ಕಮಟು ಹಿಡಿಯುತ್ತದೆ. ಎರಡು ತಿಂಗಳಿಗೆ ವಾಸನೆ ಬಂದ ಎಣ್ಣೆಯ ಡಬ್ಬಿ ಹಿಡಿದು ಗಿರಾಕಿ ನನ್ನ ಅಂಗಡಿಗೆ ಬರುತ್ತಾರೆಯೇ ಹೊರತು ಹವಾಮಾನ ಇಲಾಖೆಗೆ ಹೋಗುವುದಿಲ್ಲ.

ಸೂರ್ಯಕಾಂತಿಯ ಕಥೆ ಸ್ವಲ್ಪ ಬೇರೆ. ಗುಂಡ್ಲುಪೇಟೆ ರಸ್ತೆಯ ಇಕ್ಕೆಲದ ಹಳದಿ ಹೊಲಗಳಲ್ಲಿ ನಿಂತು ಜೂನ್ ಜುಲೈನಲ್ಲಿ ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗರನ್ನು ತಾವೂ ನೋಡಿರುತ್ತೀರಿ. (ಅವರು ತುಳಿಯುವ ಗಿಡಗಳ ಬಗ್ಗೆ ಬೇರೆಯೇ ಪತ್ರ ಬರೆಯಬೇಕು.) ಆ ಹೂವು ಏಪ್ರಿಲ್ ಮೇ ಬಿತ್ತನೆಯದು. ಬಿತ್ತನೆ ಜೂನ್ ದಾಟಿದರೆ ಹೂವು ಸೆಪ್ಟೆಂಬರ್ ಮಳೆಗೆ ಅರಳುತ್ತದೆ. ಜೇನು ಹಾರುವುದಿಲ್ಲ, ಪರಾಗ ತೊಳೆದುಹೋಗುತ್ತದೆ, ತೆನೆಯ ನಡುವೆ ಜೊಳ್ಳು ಉಳಿಯುತ್ತದೆ, ಎಲೆಗೆ ಮಚ್ಚೆ ರೋಗ ಅಂಟಿ ತೆನೆ ಕೊಳೆಯುತ್ತದೆ. ಕಾಳು ತುಂಬುವಾಗ ಬಿಸಿ ಹೆಚ್ಚಾದರೆ, ಅದರಲ್ಲೂ ರಾತ್ರಿಯ ಬಿಸಿ ಹೆಚ್ಚಾದರೆ, ಎಣ್ಣೆಯ ಗುಣವೇ ಬದಲಾಗುತ್ತದೆ. ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಒಂದಾದ ಓಲಿಕ್ ಆಮ್ಲವನ್ನು ಇನ್ನೊಂದಾದ ಲಿನೋಲಿಕ್ ಆಮ್ಲವಾಗಿ ಮಾರ್ಪಡಿಸುವ ಕಿಣ್ವ ಬಿಸಿಯಲ್ಲಿ ಮಂಕಾಗುವುದರಿಂದ ಓಲಿಕ್ ಪಾಲು ಏರುತ್ತದೆ. ಓಲಿಕ್ ಹೆಚ್ಚಿರುವ ಎಣ್ಣೆ ಬೇಗ ಕೆಡುವುದಿಲ್ಲ, ಆದ್ದರಿಂದ ಈ ಬದಲಾವಣೆಯನ್ನು ಪೂರ್ತಿ ನಷ್ಟ ಎನ್ನಲಾರೆ. ಆದರೆ ಒಂದೇ ತಳಿ, ಒಂದೇ ಹೋಬಳಿ, ಬಿತ್ತಿದ ತಾರೀಕು ಬೇರೆಯಾದರೆ ಡಬ್ಬಿಯೊಳಗಿನ ಎಣ್ಣೆಯೂ ಬೇರೆಯೇ ಆಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಕಡಲೆಕಾಯಿ. ಇದಕ್ಕೆ ಏಪ್ರಿಲ್ ಬಿತ್ತನೆ ಬೇಡ. ಜೂನ್ ಜುಲೈನಲ್ಲಿ ಬಿತ್ತಿದರೆ ಕಾಯಿ ಬಲಿಯುವ ಹೊತ್ತಿಗೆ ಸೆಪ್ಟೆಂಬರ್ ಮಳೆ ಕೈ ಹಿಡಿಯುತ್ತದೆ. ಹೂವು ಕಟ್ಟಿದ ಮೇಲೆ ಸೂಜಿಯಂಥ ತೊಟ್ಟು ಮಣ್ಣಿಗೆ ಇಳಿಯಬೇಕು. ಮೇಲ್ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಅದು ಇಳಿಯುವುದಿಲ್ಲ. ಇಳಿದ ಕಾಯಿಯೂ ತನಗೆ ಬೇಕಾದ ಸುಣ್ಣದ ಅಂಶವನ್ನು ಬೇರಿನಿಂದ ಪಡೆಯದೆ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ, ಅದಕ್ಕೂ ತೇವ ಬೇಕು. ತೇವವಿಲ್ಲದಿದ್ದರೆ ಎಷ್ಟು ಜಿಪ್ಸಂ ಹಾಕಿದರೂ ಕಾಯಿ ಜೊಳ್ಳೇ. ಇದು ಇಳುವರಿಯ ಮಾತಾಯಿತು. ಕೊಯ್ಲಿಗೆ ಮುಂಚಿನ ಮೂರರಿಂದ ಆರು ವಾರ ಮಣ್ಣು ಒಣಗಿ ಕಾದರೆ ಆಸ್ಪರ್ಜಿಲಸ್ ಎಂಬ ಬೂಸ್ಟು ನೆಲದೊಳಗೇ ಕಾಯಿಗೆ ಹೊಕ್ಕು ಅಫ್ಲಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಗಾಣದ ಎಣ್ಣೆಯನ್ನು ಕಾರ್ಖಾನೆಯ ಎಣ್ಣೆಯಂತೆ ಶುದ್ಧೀಕರಿಸುವುದಿಲ್ಲ, ಹಾಗಾಗಿ ವಿಷದ ಒಂದಂಶ ಎಣ್ಣೆಯಲ್ಲೇ ಉಳಿಯಬಹುದು. ಹೆಚ್ಚಿನ ಭಾಗ ಹಿಂಡಿಗೆ ಹೋಗುತ್ತದೆ. ಆ ಹಿಂಡಿಯನ್ನು ತಿನ್ನುವುದು ಮಂಡ್ಯ ಮೈಸೂರಿನ ಹಸುಗಳು, ಮತ್ತು ಹಸು ತಿಂದ ಅಫ್ಲಟಾಕ್ಸಿನ್ ರೂಪ ಬದಲಿಸಿಕೊಂಡು ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಅದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ ಎಂದು ದೇಶದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಸೆಪ್ಟೆಂಬರ್‌ನಲ್ಲಿ ಮಳೆ ಕೈಕೊಟ್ಟ ವರ್ಷ ನಮ್ಮ ಕಡಲೆಕಾಯಿಯನ್ನು ಮಾರುಕಟ್ಟೆಯಲ್ಲಿ ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ? ನನ್ನ ಗಾಣಕ್ಕೆ ಬರುವ ಚೀಲಗಳನ್ನು ನಾನು ಒಡೆದು ನೋಡಿ, ಮುದುಡಿದ್ದು, ಬಣ್ಣ ಕೆಟ್ಟದ್ದು ಆರಿಸಿ ಎಸೆಯುತ್ತೇನೆ. ಅದರಾಚೆ ನನಗೆ ಸಾಧನವಿಲ್ಲ. ಮೈಸೂರಿನಲ್ಲಿ 1950ರಿಂದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಇದೆ, ಮಂಡ್ಯದಲ್ಲಿ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ ಇದೆ. ಇಂಥ ಸಂಸ್ಥೆಗಳು ಕೂಗಳತೆಯಲ್ಲಿರುವ ಜಿಲ್ಲೆಗಳಲ್ಲಿ ಬರದ ವರ್ಷದ ಕಡಲೆಕಾಯಿಗೆ ಹೋಬಳಿಗೆ ಒಂದಿಷ್ಟು ಮಾದರಿ ತೆಗೆದು ನೋಡುವುದು ಸರ್ಕಾರ ಮನಸ್ಸು ಮಾಡಿದರೆ ಆಗದ ಕೆಲಸವಲ್ಲ.

2023ರ ಬರವನ್ನು ತಮಗೆ ನೆನಪಿಸಬೇಕಿಲ್ಲ. 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಆಗ ಎಲ್ಲರ ಕಣ್ಣು ಕನ್ನಂಬಾಡಿ ಕಟ್ಟೆಯ ಮೇಲೆ. ಇವತ್ತು ಎಷ್ಟು ಅಡಿ, 124.80 ಅಡಿ ತಲುಪಲು ಇನ್ನೆಷ್ಟು ಬಾಕಿ, ತಮಿಳುನಾಡಿಗೆ ಎಷ್ಟು ಕ್ಯೂಸೆಕ್ ಎಂಬುದೇ ಸುದ್ದಿ. ನಾಲೆಯ ನೀರು ಕಾಣದ ಹೊಲಗಳಿಗೆ ಇಂಥ ಅಳತೆಗೋಲು ಇಲ್ಲದ್ದರಿಂದ ಅವುಗಳ ಬರ ಸುದ್ದಿಯಾಗುವುದು ಪರಿಹಾರದ ಪಟ್ಟಿ ಹೊರಟಾಗ ಮಾತ್ರ. ಒಂದು ಮಾತು ಗಮನಿಸಿ: ಆಗಸ್ಟ್ ಒಣಗಿ ಹೋಗುವ ಅಂಥ ವರ್ಷದಲ್ಲೂ ಭರಣಿ, ಕೃತ್ತಿಕೆ ಮಳೆಗೆ ಬಿತ್ತಿದ ಎಳ್ಳು ಅಷ್ಟು ಹೊತ್ತಿಗೆ ಮನೆ ಸೇರಿರುತ್ತದೆ. ಆಗಸ್ಟ್ ಬರದಿಂದ ತಪ್ಪಿಸಿಕೊಳ್ಳಲು ಇದಕ್ಕಿಂತ ಅಗ್ಗದ ದಾರಿ ನನಗೆ ತೋರುತ್ತಿಲ್ಲ.

ಬೇಗ ಬಿತ್ತುವುದರಲ್ಲಿ ಅಪಾಯವಿಲ್ಲವೇ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಇದೆ. ಏಪ್ರಿಲ್‌ನಲ್ಲಿ ಒಂದು ಮಳೆ ಬಂದು ಮೂರು ವಾರ ಬಿಸಿಲು ಕಾದರೆ ಮೊಳಕೆ ಒಣಗುತ್ತದೆ. ಆಗ ಮರುಬಿತ್ತನೆ ಮಾಡಬೇಕು. ಆದರೆ ಎಳ್ಳಿನ ಬೀಜ ಎಕರೆಗೆ ಎರಡು ಎರಡೂವರೆ ಕಿಲೋ ಸಾಕು, ಮರಳಿನಲ್ಲಿ ಬೆರೆಸಿ ಬಿತ್ತಿದರೆ ಮುಗಿಯಿತು. ಕಡಲೆಕಾಯಿಗಾದರೆ ಎಕರೆಗೆ ನಲವತ್ತು ಐವತ್ತು ಕಿಲೋ ಬೀಜ ಬೇಕು, ಒಮ್ಮೆ ಕೈಕೊಟ್ಟರೆ ರೈತ ಆ ವರ್ಷ ಏಳುವುದಿಲ್ಲ. ಆದ್ದರಿಂದ ಕಡಲೆಕಾಯಿಯಲ್ಲಿ ಸರ್ಕಾರ ಎಚ್ಚರದಿಂದ ಹೆಜ್ಜೆ ಇಡಲಿ, ಎಳ್ಳಿನಲ್ಲಿ ಕೈ ಬಿಚ್ಚಲಿ. ಮೊದಲ ಬಿತ್ತನೆ ಕೈಕೊಟ್ಟವರಿಗೆ ಎರಡನೆಯ ಪೊಟ್ಟಣ ಉಚಿತವಾಗಿ ಕೊಟ್ಟರೂ ಬೊಕ್ಕಸಕ್ಕೆ ಹೊರೆಯಾಗದು. ಯಾವ ಪಂಚಾಯಿತಿಯಲ್ಲಿ ಎಷ್ಟು ಮಳೆ ಬಿತ್ತು ಎಂಬ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಲ್ಲಿ ದಿನದಿನವೂ ದಾಖಲಾಗುತ್ತದೆ. ಹವಾಮಾನ ಆಧಾರಿತ ಕೃಷಿ ಸಲಹೆ ಮಂಗಳವಾರ, ಶುಕ್ರವಾರ ಹೊರಡುತ್ತದೆ. ಇವೆರಡನ್ನೂ ಸೇರಿಸಿ ‘ಈ ಪಂಚಾಯಿತಿಯಲ್ಲಿ ಎಳ್ಳಿಗೆ ಹದ ಬಂದಿದೆ, ಬಿತ್ತಬಹುದು’ ಎಂದು ಒಂದು ಸಾಲು ರೈತನ ಮೊಬೈಲ್‌ಗೆ ಬಂದರೆ ಸುಮ್ಮನೆ ಮೊದಲ ಹನಿಗೇ ಬಿತ್ತಿ ಕೈಸುಟ್ಟುಕೊಳ್ಳುವವರು ಕಡಿಮೆಯಾಗುತ್ತಾರೆ.

ವಿಮೆಯ ಬಗ್ಗೆ ಎರಡೇ ಮಾತು. ಫಸಲ್ ಬಿಮಾದಲ್ಲಿ ಮುಂಗಾರಿನ ಎಣ್ಣೆಕಾಳಿಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷಗಳ ಸರಾಸರಿಯಿಂದ ಹೊಸ್ತಿಲು ಇಳುವರಿ, ಅಂದರೆ ಇಳುವರಿ ಯಾವ ಮಟ್ಟಕ್ಕಿಂತ ಕುಸಿದರೆ ಪರಿಹಾರ ಸಿಗುತ್ತದೋ ಆ ಮಟ್ಟ, ಲೆಕ್ಕ ಹಾಕುತ್ತಾರೆ. ಅದರಲ್ಲಿ ಏಪ್ರಿಲ್‌ನ ಎಳ್ಳು, ಜೂನ್‌ನ ಎಳ್ಳು ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಇಬ್ಬರಿಗೂ ಅನ್ಯಾಯ. ಬೆಳೆ ಸಮೀಕ್ಷೆಯಲ್ಲಿ ಬೆಳೆಯ ಹೆಸರಿನ ಜೊತೆ ಬಿತ್ತಿದ ವಾರವನ್ನೂ ಕಡ್ಡಾಯವಾಗಿ ಬರೆಯಿಸಿ. ಪೂರ್ವ ಮುಂಗಾರು ಬೆಳೆಗಳ ವಿಮೆ ನೋಂದಣಿ ಬಿತ್ತನೆಯ ಜೊತೆಗೇ ತೆರೆದು ಮೇ ಕೊನೆಗೆ ಮುಚ್ಚಲಿ. ಇಳುವರಿ ಅಳೆಯಲು ಮಾಡುವ ಬೆಳೆ ಕಟಾವು ಪ್ರಯೋಗದಲ್ಲಿ ತೂಕ ಮಾಡಿದ ಕಾಳಿನಿಂದ ಒಂದು ಹಿಡಿ ಎಣ್ಣೆಯಂಶದ ಪರೀಕ್ಷೆಗೂ ಹೋಗಲಿ. ಐದಾರು ವರ್ಷದಲ್ಲಿ ಯಾವ ಹೋಬಳಿಯಲ್ಲಿ ಯಾವ ವಾರ ಬಿತ್ತಿದರೆ ಎಷ್ಟು ಕಾಳು, ಎಷ್ಟು ಎಣ್ಣೆ ಎಂಬ ನಕ್ಷೆ ತಮ್ಮ ಮೇಜಿನ ಮೇಲಿರುತ್ತದೆ.

ಹೊಲದಲ್ಲಿ ಮಳೆನೀರು ಕೂಡಿಡುವ ಕೃಷಿಭಾಗ್ಯದ ಹೊಂಡಗಳನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. 2014ರಲ್ಲಿ ಶುರುವಾದ ಆ ಯೋಜನೆಯ ಹೊಂಡ ಇರುವ ಹೊಲದಲ್ಲಿ ಮೇ ಮಳೆಯ ನೀರು ನಿಂತಿರುತ್ತದೆ. ಜೂನ್‌ನಲ್ಲಿ ಕಾಳು ತುಂಬುವಾಗ ತುಂತುರು ಪೈಪಿನಿಂದ ಒಂದೇ ಒಂದು ಬಾರಿ ನೀರು ಕೊಟ್ಟರೂ ಎಣ್ಣೆಕಾಳಿಗೆ ಅದು ದೊಡ್ಡ ಆಸರೆ. ಹೊಂಡ ಕೊಟ್ಟು ಪಂಪು ಪೈಪು ಕೊಡದೆ ಬಿಟ್ಟರೆ ಅದರಲ್ಲಿ ಎಮ್ಮೆ ಮೈ ತೊಳೆಯುವುದಕ್ಕಷ್ಟೇ ಆಗುತ್ತದೆ.

ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 10,103 ಕೋಟಿ ರೂಪಾಯಿಯ ಖಾದ್ಯ ತೈಲ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿದೆ. 2022-23ರಲ್ಲಿ 390 ಲಕ್ಷ ಟನ್ ಇದ್ದ ಎಣ್ಣೆಕಾಳು ಉತ್ಪಾದನೆಯನ್ನು 2030-31ಕ್ಕೆ 697 ಲಕ್ಷ ಟನ್‌ಗೆ ಏರಿಸುವ ಗುರಿ ಅದರಲ್ಲಿದೆ. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು ಎಂಬುದು ನಾಚಿಕೆಯ ವಿಷಯವಾದ್ದರಿಂದ ಗುರಿಯನ್ನು ನಾನು ಸ್ವಾಗತಿಸುತ್ತೇನೆ. 2025-26ಕ್ಕೆ ಎಳ್ಳಿನ ಬೆಂಬಲ ಬೆಲೆ ಕ್ವಿಂಟಾಲಿಗೆ 9,846 ರೂಪಾಯಿ, ಹುಚ್ಚೆಳ್ಳಿಗೆ 9,537. ಬೆಲೆ ಕೆಟ್ಟದ್ದೇನಲ್ಲ. ಹಣವಿದೆ, ಬೆಲೆಯಿದೆ, ಹೊಲವಿದೆ. ಆ ಕೋಟಿಗಳಲ್ಲಿ ಒಂದು ಚೂರು ನಮ್ಮ ತಾಲ್ಲೂಕಿಗೆ ಬಂದು, ಅದರಿಂದ ಕೊಂಡ ಬೀಜ ಜೂನ್ ಕೊನೆಯ ಆರಿದ್ರಾ ಮಳೆಯ ಹೊತ್ತಿಗೆ ಗೋದಾಮು ತಲುಪಿದರೆ ಯಾರಿಗೇನು ಉಪಯೋಗ?

ಹುಚ್ಚೆಳ್ಳಿನ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ರಾಗಿಯ ನಡುವೆ ಅಕ್ಕಡಿ (ಮಿಶ್ರಬೆಳೆ) ಸಾಲಾಗಿ ಬಿದ್ದು, ಯಾರ ಸಹಾಯಧನವನ್ನೂ ಕೇಳದೆ ಹಳದಿ ಹೂವು ಬಿಟ್ಟು, ಜೇನಿಗೂ ಚಟ್ನಿಪುಡಿಗೂ ಆಗುವ ಬೆಳೆ ಅದು. ರಾಗಿಯನ್ನು ಪ್ರೋತ್ಸಾಹಿಸುವಾಗ ಅಕ್ಕಡಿಯನ್ನು ಮರೆಯದಿದ್ದರೆ ಸಾಕು.

ಮುಂದಿನ ಸಾಲಿನ ಬೀಜದ ಬೇಡಿಕೆ ಪಟ್ಟಿ ಜಿಲ್ಲೆಗಳಿಂದ ತಮ್ಮ ಕಚೇರಿಗೆ ಬರುವಾಗ ಅದರಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರಗಳಿಗೆ ‘ಪೂರ್ವ ಮುಂಗಾರು’ ಎಂಬ ಪ್ರತ್ಯೇಕ ಕಾಲಂ ಇರಲಿ, ಅದರ ಎದುರು ಮಾರ್ಚ್ 31 ಎಂಬ ಗಡುವು ಇರಲಿ. ಟೆಂಡರ್ ಕರೆಯುವುದು, ಬೀಜ ಪ್ರಮಾಣೀಕರಣ, ಸಾಗಣೆ ಎಲ್ಲವನ್ನೂ ಆ ತಾರೀಕಿನಿಂದ ಹಿಂದಕ್ಕೆ ಎಣಿಸಿ ನಿಗದಿ ಮಾಡಲಿ. ಏಪ್ರಿಲ್ ಒಂದರಂದು ಯಾವ ಕೇಂದ್ರದಲ್ಲಿ ಎಷ್ಟು ಕಿಲೋ ಎಳ್ಳಿನ ಬೀಜ ಇದೆ ಎಂಬುದನ್ನು ಹೋಬಳಿವಾರು ಪತ್ರಿಕೆಗಳಲ್ಲಿ ಪ್ರಕಟಿಸಿ. ಇಲ್ಲದ ಕಡೆ ಸೊನ್ನೆ ಎಂದೇ ಬರೆಯಿಸಿ.

ಇಂತಿ,
ನಂಜನಗೂಡು ತಾಲ್ಲೂಕಿನ ಒಬ್ಬ ಖುಷ್ಕಿ ರೈತ, ಗಾಣದ ಮಾಲೀಕ